ತಾಂತ್ರಿಕ ಇಂಗ್ಲಿಷ್: ಕಾರ್ಖಾನೆಯ ಕಡತವೇ ಪಠ್ಯವಾಗಲಿ

ಇಂಜಿನಿಯರಿಂಗ್ ಪದವೀಧರರಿಗೆ ವಿಷಯಜ್ಞಾನವಿದ್ದರೂ ಇಂಗ್ಲಿಷಿನಲ್ಲಿರುವ ಮಾನಕ, ಖರೀದಿ ಆದೇಶ ಹಾಗೂ ಪರೀಕ್ಷಾ ವರದಿಗಳನ್ನು ಓದಿ ಅರ್ಥೈಸುವುದು ಕಷ್ಟವೆಂಬ ದೂರು ಸಣ್ಣ ಉದ್ಯಮಿಗಳಲ್ಲಿದೆ. ಸಾಮಾನ್ಯ ವ್ಯಾಕರಣ ಮತ್ತು ಸಂಭಾಷಣೆಯ ಪಾಠಗಳಷ್ಟರಿಂದಲೇ ಈ ಕೊರತೆ ನೀಗದು. ವಿದ್ಯಾರ್ಥಿಯು ಮುಂದೆ ಓದಬೇಕಾದ ಬರಹಗಳೇ ತರಗತಿಯ ಪಠ್ಯವಾಗಬೇಕು.

ಈ ವಿಚಾರ ಹೊಸದಲ್ಲ. ಲಿಬಿಯಾದಲ್ಲಿ ಬೋಧಿಸಿದ್ದ ಜಾನ್ ಸ್ವೇಲ್ಸ್ ಅವರ 'ರೈಟಿಂಗ್ ಸೈಂಟಿಫಿಕ್ ಇಂಗ್ಲಿಷ್' 1971ರಲ್ಲಿ ಪ್ರಕಟವಾಯಿತು. ಬ್ರಿಟನ್ನಿನ ಬರ್ಮಿಂಗ್‌ಹ್ಯಾಂ ವಿಶ್ವವಿದ್ಯಾಲಯದಲ್ಲಿ ಟೋನಿ ಡಡ್ಲಿ-ಇವಾನ್ಸ್ ಮತ್ತು ಟಿಮ್ ಜಾನ್ಸ್ ಅವರು ಭಾಷಾ ಅಧ್ಯಾಪಕರೂ ವಿಷಯ ಅಧ್ಯಾಪಕರೂ ಕೂಡಿ ಪಾಠ ಮಾಡುವ ಪದ್ಧತಿಯನ್ನು ಪ್ರಯೋಗಿಸಿದರು.

ಒಂದು ಪದದ ಬೆಲೆ

ಅಂತರರಾಷ್ಟ್ರೀಯ ಮಾನಕಗಳಲ್ಲಿ 'ಶಲ್' ಎಂದರೆ ಕಡ್ಡಾಯ, 'ಶುಡ್' ಎಂದರೆ ಶಿಫಾರಸು, 'ಮೇ' ಎಂದರೆ ಅನುಮತಿ. ಕಡ್ಡಾಯವಾದ ಪರೀಕ್ಷೆಯನ್ನು ಸಲಹೆಯೆಂದು ಭಾವಿಸಿ ಕೈಬಿಟ್ಟರೆ ಸರಕು ತಿರಸ್ಕೃತವಾಗಿ, ಮರುಸಾಗಣೆಯ ವೆಚ್ಚವೂ ತಯಾರಕರ ಮೇಲೆಯೇ ಬೀಳಬಹುದು. ಪರಿಚಿತ ಪದಗಳೂ ದಾರಿ ತಪ್ಪಿಸುತ್ತವೆ. 'ಯೀಲ್ಡ್' ಎಂದರೆ ಕೃಷಿಯಲ್ಲಿ ಇಳುವರಿ. ಲೋಹದ ಪರೀಕ್ಷೆಯಲ್ಲಿ ಅದು ಶಾಶ್ವತ ರೂಪಬದಲಾವಣೆ ಆರಂಭವಾಗುವ ಹಂತ. 'ಫಟೀಗ್' ಎಂದರೆ ಮನುಷ್ಯನಿಗೆ ದಣಿವು. ಲೋಹಕ್ಕಾದರೆ ಮತ್ತೆ ಮತ್ತೆ ಬೀಳುವ ಭಾರದಿಂದ ಬಿರುಕು ಮೂಡಿ ಬೆಳೆಯುವ ಕ್ರಿಯೆ. ನಿಘಂಟಿನ ಮೊದಲ ಅರ್ಥ ಇಲ್ಲಿ ನೆರವಿಗೆ ಬಾರದು.

ಬೋಧನೆ ಹೇಗೆ?

ಉಕ್ಕಿನ ಪರೀಕ್ಷಾ ಪ್ರಮಾಣಪತ್ರವೊಂದನ್ನು ತರಗತಿಗೆ ಕೊಡಬಹುದು. ನಿಗದಿತ ಮಿತಿಗಳನ್ನೂ ಪರೀಕ್ಷೆಯಲ್ಲಿ ಕಂಡ ಅಂಕಿಗಳನ್ನೂ ಹೋಲಿಸಿ, ಸರಕನ್ನು ಸ್ವೀಕರಿಸಬಹುದೇ ಎಂಬುದನ್ನು ವಿದ್ಯಾರ್ಥಿಗಳು ಮೂರು ವಾಕ್ಯಗಳಲ್ಲಿ ಬರೆಯಲಿ. ತೀರ್ಮಾನ ಸರಿಯೇ ಎಂಬುದನ್ನು ವಿಷಯ ಅಧ್ಯಾಪಕರು, ಅದು ಸ್ಪಷ್ಟವಾಗಿದೆಯೇ ಎಂಬುದನ್ನು ಭಾಷಾ ಅಧ್ಯಾಪಕರು ಪರಿಶೀಲಿಸಲಿ. ರಾಸಾಯನಿಕಗಳ ಸುರಕ್ಷತಾ ಮಾಹಿತಿ ಪತ್ರವೂ ಉತ್ತಮ ಪಠ್ಯ. ವಿಶ್ವಸಂಸ್ಥೆಯ ವ್ಯವಸ್ಥೆಯಂತೆ ಅದರಲ್ಲಿ 16 ವಿಭಾಗಗಳಿರುತ್ತವೆ. ಪ್ರಥಮ ಚಿಕಿತ್ಸೆ 4ನೆಯದು, ನಿರ್ವಹಣೆ ಮತ್ತು ದಾಸ್ತಾನು 7ನೆಯದು. ಬೇಕಾದ ಮಾಹಿತಿಯನ್ನು ಬೇಗನೆ ಹುಡುಕುವ ಅಭ್ಯಾಸ ಇದರಿಂದ ಬರುತ್ತದೆ. ಅವಘಡದ ವೇಳೆ ಈ ಅಭ್ಯಾಸವೇ ಕಾರ್ಮಿಕನ ಜೀವ ಉಳಿಸಬಲ್ಲದು.

ಕನ್ನಡ ಮಾಧ್ಯಮದಿಂದ ಬಂದವರಿಗೆ ಮೊದಲು ಕನ್ನಡದಲ್ಲಿ ವಿಷಯ ಚರ್ಚಿಸಿ, ಬಳಿಕ ಇಂಗ್ಲಿಷ್ ಪಠ್ಯಕ್ಕೆ ಹೋಗುವುದು ಸೂಕ್ತ.

ಉದ್ಯಮದ ಪಾತ್ರ

ಇಂತಹ ಬರಹಗಳು ಕಾಲೇಜುಗಳಿಗೆ ಸುಲಭವಾಗಿ ದೊರೆಯುವುದಿಲ್ಲ, ನಮ್ಮ ಕಪಾಟುಗಳಲ್ಲಿವೆ. ಗ್ರಾಹಕರ ಹೆಸರು, ದರ ಹಾಗೂ ಗೋಪ್ಯ ವಿವರಗಳನ್ನು ತೆಗೆದು, ಅಗತ್ಯವಿದ್ದಲ್ಲಿ ಗ್ರಾಹಕರ ಒಪ್ಪಿಗೆ ಪಡೆದು, ಹಳೆಯ ಆದೇಶ ಮತ್ತು ವರದಿಗಳನ್ನು ಸಮೀಪದ ಕಾಲೇಜಿಗೆ ನೀಡಬಹುದು. ಸದಸ್ಯರು ಈ ನಿಟ್ಟಿನಲ್ಲಿ ಮುಂದಾಗುವುದು ಅಪೇಕ್ಷಣೀಯ. ಇದಕ್ಕೆ ತಗಲುವ ವೆಚ್ಚ ಅತ್ಯಲ್ಪ. ತಿರಸ್ಕೃತವಾಗಿ ಹಿಂದಿರುಗುವ ಒಂದು ಲಾರಿ ಸರಕಿನ ನಷ್ಟಕ್ಕೆ ಹೋಲಿಸಿದರೆ ಅದು ಏನೇನೂ ಅಲ್ಲ.