ಒಂದೇ ತೀರ್ಪು, ಎರಡು ಅನ್ಯಾಯ

ನಿರಪರಾಧಿಗೆ ಶಿಕ್ಷೆಯಾಗೋದು ದೊಡ್ಡ ತಪ್ಪಾ, ಅಪರಾಧಿ ಪಾರಾಗೋದಾ?

ಲಂಡನ್, 1950. ಪುಟ್ಟ ಮಗಳನ್ನು ಕೊಂದನೆಂದು ತಿಮೋತಿ ಎವಾನ್ಸ್‌ನನ್ನು ಗಲ್ಲಿಗೇರಿಸಿದರು. 'ಕೊಂದಿದ್ದು ಕೆಳಗಿನ ಮನೆಯ ಕ್ರಿಸ್ಟಿ' ಅಂತ ಅವನು ಹೇಳಿದರೂ ಕೋರ್ಟು ನಂಬಲಿಲ್ಲ. ಆ ಕ್ರಿಸ್ಟಿಯೇ ಪ್ರಾಸಿಕ್ಯೂಷನ್‌ನ ಮುಖ್ಯ ಸಾಕ್ಷಿ!

1953ರ ಮಾರ್ಚ್, ಅದೇ ಕಟ್ಟಡ. ರೇಡಿಯೊ ಇಡಲು ಜಾಗ ಹುಡುಕುತ್ತಿದ್ದ ಬಾಡಿಗೆದಾರ ಅಡುಗೆಮನೆ ಗೋಡೆಯ ಕಾಗದ ಕಿತ್ತರೆ, ಹಿಂದೆ ಮೂವರು ಹೆಂಗಸರ ಶವ. ಮುಂದಿನ ಕೋಣೆಯ ನೆಲದಡಿ ಕ್ರಿಸ್ಟಿಯ ಹೆಂಡತಿ. ನಾಲ್ವರನ್ನೂ ಕ್ರಿಸ್ಟಿ ಕೊಂದಿದ್ದು ಎವಾನ್ಸ್ ಸತ್ತ ಮೇಲೆ.

ಅಪರಾಧಿ ಖುಲಾಸೆಯಾದರೆ ಅನ್ಯಾಯ ಒಂದು. ನಿರಪರಾಧಿಗೆ ಶಿಕ್ಷೆಯಾದರೆ ಎರಡು: ಅವನ ಬದುಕೂ ಹೋಯಿತು, ನಿಜವಾದ ಕೊಲೆಗಾರನನ್ನು ಹುಡುಕೋದೂ ನಿಂತಿತು. ನನ್ನ ಪ್ರಕಾರ ಇದೇ ಘೋರ.

ಎವಾನ್ಸ್‌ಗೆ ಕ್ಷಮಾದಾನ ಸಿಕ್ಕಿದ್ದು 1966ರಲ್ಲಿ, ನೇಣಿಗೇರಿದ 16 ವರ್ಷಕ್ಕೆ.