ಹಳೆಯ ಕಾರಿನ ಬ್ರೇಕು

ನಾಗಪುರದಿಂದ ಭಂಡಾರಾಕ್ಕೆ ಹೋಗುವ ಹೆದ್ದಾರಿಯಲ್ಲಿ ಮೌದಾ ಎಂಬ ಊರಿದೆ. ಕಳೆದ ಮಳೆಗಾಲದಲ್ಲಿ ನಮ್ಮ ಹಳೆಯ ಅಂಬಾಸಡರ್ ಅಲ್ಲಿ ನಿಂತ ನೀರನ್ನು ದಾಟಿದೊಡನೆ ಬ್ರೇಕು ಹಿಡಿಯಲೊಲ್ಲದಾಯಿತು. ಎದುರಿಗೆ ಎತ್ತಿನ ಗಾಡಿ! ಗೇರು ಇಳಿಸಿ ಹೇಗೋ ನಿಲ್ಲಿಸಿದೆವು.

2014ರಲ್ಲಿ ತಯಾರಿಕೆ ನಿಂತ ಈ ಕಾರಿನ ಹಳೆಯ ಮಾದರಿಗಳಲ್ಲಿ ನಾಲ್ಕು ಚಕ್ರಗಳಿಗೂ ಡ್ರಮ್ ಬ್ರೇಕುಗಳೇ. ಡ್ರಮ್ಮೆಂದರೆ ಚಕ್ರದೊಡನೆ ತಿರುಗುವ ಎರಕದ ಕಬ್ಬಿಣದ ಡಬ್ಬಿ. ಪೆಡಲನ್ನು ಒತ್ತಿದಾಗ ಎಣ್ಣೆಯ ಒತ್ತಡದಿಂದ ಒಳಗಿನ ಎರಡು ಕಮಾನುಗಳು, ಅಂದರೆ ‘ಶೂ’ಗಳು, ಅಗಲಿ ಅದರ ಒಳಗೋಡೆಯನ್ನು ಉಜ್ಜುತ್ತವೆ. ನಡುವೆ ನೀರು ಹೊಕ್ಕರೆ ಘರ್ಷಣೆ ಕುಗ್ಗುತ್ತದೆ. ಪೆಡಲನ್ನು ಮೆಲ್ಲನೆ ಒತ್ತುತ್ತ ನಿಧಾನವಾಗಿ ಸಾಗಿದರೆ ಬಿಸಿಗೆ ಅದು ಆರುವುದು. ಬಿಸಿಯೂ ಮಿತಿಮೀರಬಾರದು, ದೀರ್ಘ ಇಳಿಜಾರಿನಲ್ಲಿ ಕಾದ ಡ್ರಮ್ಮು ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ.

ಮರುದಿನ ಮೆಕ್ಯಾನಿಕರು ಶೂಗಳ ಸವೆದ ಲೈನಿಂಗನ್ನು ಬದಲಿಸಿ ಅಂತರವನ್ನು ಸರಿಪಡಿಸಿದರು. ಒಳಗಿನ ಧೂಳನ್ನು ಬಾಯಿಂದ ಊದಹೊರಟ ನಮ್ಮನ್ನು ತಡೆದು, ಒದ್ದೆ ಬಟ್ಟೆಯಿಂದ ಒರೆಸಿದರು. ಹಳೆಯ ಲೈನಿಂಗುಗಳಲ್ಲಿ ಶ್ವಾಸಕೋಶಕ್ಕೆ ಮಾರಕವಾದ ಕಲ್ನಾರು ಇರಬಹುದಂತೆ. ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕು ಹಾಕಿಸಲೂಬಹುದು. ಅದು ತೆರೆದಿರುವುದರಿಂದ ಬೇಗ ತಣಿಯುತ್ತದೆ, ನೀರೂ ಸಿಡಿದುಹೋಗುತ್ತದೆ. ನಮ್ಮ ಮನೆಯಲ್ಲಿ ಆ ಚರ್ಚೆ ಇನ್ನೂ ಮುಗಿದಿಲ್ಲ.