ಬಾಲವಾಡಿಗೆ ಮುನ್ನ ಮನೆಯ ಪಾಠ

ಬೀದರ ಜಿಲ್ಲೆಯ ಬೇಮಳಖೇಡದಂತಹ ಊರಿನಲ್ಲಿ ಮೂರು ವರ್ಷದ ಮಗುವಿನ ಕಿವಿಗೆ ಕನ್ನಡ, ಉರ್ದು, ಮರಾಠಿ, ತೆಲುಗು ನುಡಿಗಳು ಬೀಳುತ್ತಲೇ ಇರುತ್ತವೆ. ಇವುಗಳ ಮೇಲೆ ಇಂಗ್ಲಿಷಿನ ಅಕ್ಷರಗಳನ್ನೂ ಎಲ್.ಕೆ.ಜಿ. ಸೇರುವ ಮೊದಲೇ ಬರೆಯಿಸಿಬಿಡಬೇಕೆಂದು ಅನೇಕ ತಂದೆತಾಯಿಗಳು ಆತುರಪಡುತ್ತಾರೆ. ಈ ಆತುರ ಯಾರ ಹಿತಕ್ಕೆ?

ಮನೆಯ ಪಾಠ ಈ ಸೀಮೆಗೆ ಹೊಸತಲ್ಲ. 1948ರವರೆಗೆ ಇದು ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿತ್ತು. ಶಾಲೆಗಳಲ್ಲಿ ಉರ್ದುವಿಗೇ ಪ್ರಾಧಾನ್ಯ. ಕನ್ನಡದ ಓದುಬರಹ ಮನೆಗಳಲ್ಲಿ, ಮಠಗಳಲ್ಲಿ ಉಳಿದುಕೊಂಡಿತು. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿಸಿ ಒಳಗೆ ಕನ್ನಡ ಕಲಿಸಿದ ಸಂಗತಿಯನ್ನು ಇಲ್ಲಿನ ಜನ ಇಂದಿಗೂ ಸ್ಮರಿಸುತ್ತಾರೆ. ಅಂದು ನುಡಿಯನ್ನು ಕಾಪಾಡಿದ ಮನೆಯ ಪಾಠ ಇಂದು ಎಳೆಯ ಮನಸ್ಸನ್ನು ಬಾಡಿಸಬಾರದು.

ಹಾಗಾದರೆ ಮನೆಯಲ್ಲಿ ಕಲಿಸಬೇಕಾದುದೇನು? 1837ರಲ್ಲಿ ಜರ್ಮನಿಯಲ್ಲಿ ಶಿಶುಶಾಲೆಯನ್ನು ತೆರೆದ ಫ್ರೋಬೆಲ್ ಮುಂದೆ ಅದಕ್ಕೆ ಇಟ್ಟ 'ಕಿಂಡರ್‌ಗಾರ್ಟನ್' ಎಂಬ ಹೆಸರಿಗೆ ಮಕ್ಕಳ ತೋಟವೆಂದೇ ಅರ್ಥ. ಸಸಿಗೆ ನೀರೆರೆಯಬಹುದು, ಹಿಡಿದೆಳೆದು ಬೆಳೆಸಲಾಗದು. ಮಗು ತೊಗರಿಕಾಳು ಎಣಿಸಲಿ, ರೊಟ್ಟಿಯ ಹಿಟ್ಟಿನಿಂದ ಉಂಡೆ ಕಟ್ಟಲಿ. ಬೆರಳಿಗೆ ಬಲ ಬಂದರೆ ಬಳಪ ಹಿಡಿಯುವುದು ಸುಲಭ. ಅಜ್ಜಿಯ ಕಥೆಯನ್ನು ಕೇಳಿ ತನ್ನ ಮಾತಿನಲ್ಲಿ ತಿರುಗಿ ಹೇಳಲಿ. ಕೈತೊಳೆದು ಉಣ್ಣುವುದನ್ನು, ಸ್ವಲ್ಪ ಹೊತ್ತು ತಾಯಿಯನ್ನು ಅಗಲಿರುವುದನ್ನು ಕಲಿಯಲಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಮೂರರಿಂದ ಎಂಟರವರೆಗಿನ ವಯಸ್ಸನ್ನು ಆಟದ ಮೂಲಕ ಕಲಿಯುವ ಬುನಾದಿಯ ಘಟ್ಟವೆಂದು ಗುರುತಿಸಿದೆ.

ದಿನಕ್ಕೆ ಅರ್ಧ ಗಂಟೆ ಮಗುವಿನೊಡನೆ ಮನೆಮಾತಿನಲ್ಲಿ ಮನಸಾರೆ ಮಾತನಾಡುವ ತಾಯಿತಂದೆಗಳೇ ಅದರ ಮೊದಲ ಗುರುಗಳು. ಅಕ್ಷರ ಎರಡು ತಿಂಗಳು ತಡವಾಗಿ ಬಂದರೂ ಚಿಂತೆಯಿಲ್ಲ. ಕಲಿಯುವ ಆಸೆ ಮಾತ್ರ ಬತ್ತದಿರಲಿ.